ತೊಟ್ಟಿಕ್ಕಲು ಬಿಟ್ಟ ನಲ್ಲಿ

ಫೋನು ಬಂದಾಗ ನಾನು ಕೊಬ್ಬರಿ ಹೆಚ್ಚುತ್ತಿದ್ದೆ. ಸಂಕ್ರಾಂತಿ ಆ ವಾರದ ನಡುವೆ ಬಂದಿತ್ತು, ಅವತ್ತು ಭಾನುವಾರ. ಕೊಬ್ಬರಿ ಬಟ್ಟಲಿನ ಬೆನ್ನಿನ ಕಂದು ಸಿಪ್ಪೆ ಹೆರೆದು, ಬಿಳಿ ಭಾಗವನ್ನು ಸಣ್ಣಗೆ, ಒಂದೇ ಸಮ ಹೆಚ್ಚುವುದು ಬೇಸರದ ಕೆಲಸ. ಅದನ್ನು ಮಾಡುವಾಗ ಜೊತೆಗೆ ಮಾತು ಬೇಕು, ಇಲ್ಲದಿದ್ದರೆ ದೇವರ ನಾಮ ಬೇಕು. ಮೈಸೂರಿನಲ್ಲಿ ಎಳ್ಳಿಗೆ ಬೇಕಾದ್ದನ್ನೆಲ್ಲ ತಾರಸಿಯ ಬಿಸಿಲಿಗೆ ಹಾಕುತ್ತಿದ್ದೆವು. ಇಲ್ಲಿ ನೆಲದಲ್ಲಿ ಹೀಟರ್ ಗಾಳಿ ಬರುವ ಜಾಲರಿಯ ಪಕ್ಕ ಹಳೆ ಪಂಚೆ ಹಾಸಿ ಹರಡುತ್ತೇನೆ. ಬೆಲ್ಲದ ಚೂರು ಒಂದು ಕಡೆ, ಕೊಬ್ಬರಿ ಇನ್ನೊಂದು ಕಡೆ. ನಮ್ಮ ಯಜಮಾನರು ಟಿವಿ ಕಡೆ ಹೋಗುವಾಗ ಅದನ್ನು ದಾಟಿಕೊಂಡು ಹೋಗುತ್ತಾರೆ. ಅವರು ವಾಪಸ್ ಬರುವ ಹೊತ್ತಿಗೆ ಬೆಲ್ಲ ಸ್ವಲ್ಪ ಕಡಿಮೆಯಾಗಿರುತ್ತದೆ.

ಮಗಳ ಫೋನು. ಅವಳು ಜಪಾನಿನಲ್ಲಿ ಟೀಚರ್. ಅಮೆರಿಕದಲ್ಲಿ ನಾವು ಮೊದಲಿದ್ದ ನೇಪರ್‌ವಿಲ್‌ನಲ್ಲಿ ಬೆಳೆದು, ಕಾಲೇಜು ಮುಗಿಸಿ, ನಮಗೆ ಹೇಳದೆ ಅಪ್ಲೈ ಮಾಡಿ, ಕೆಲಸ ಸಿಕ್ಕ ಮೇಲೆ ಹೇಳಿದಳು. ಬೆಟ್ಟಗಳ ನಡುವಿನ ಒಂದು ಸಣ್ಣ ಊರು, ಅಲ್ಲಿಯ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ಕೆಲಸ. ಆಗಸ್ಟಿನಲ್ಲಿ ಹೋದಳು. ಇಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, ಮೇಡಂ ಆಗಿದ್ದಾಳೆ ಅನ್ನುತ್ತಿದ್ದೆ. ಎಲ್ಲಿ ಎಂದು ಕೇಳಿ, ಜಪಾನ್ ಅಂದ ಮೇಲೆ ಅಷ್ಟು ದೂರ ಯಾಕೆ ಅನ್ನುತ್ತಿದ್ದರು. ಒಬ್ಬರು ಆಂಟಿಯಂತೂ ದೀಪಾವಳಿ ಪಾಟ್‌ಲಕ್ಕಿನಲ್ಲಿ, ಇಂಗ್ಲಿಷ್ ಹೇಳಿಕೊಡೋಕೆ ಜಪಾನಿಗೇ ಹೋಗ್ಬೇಕಿತ್ತಾ, ನಮ್ಮನೆಯವರಿಗೇ ಹೇಳಿಕೊಡಬಹುದಿತ್ತಲ್ಲ, ಇಪ್ಪತ್ತು ವರ್ಷದಿಂದ ಡ್ರೈವ್‌ಥ್ರೂನಲ್ಲಿ ಅವರ ಆರ್ಡರ್ ಯಾರಿಗೂ ಅರ್ಥವಾಗಿಲ್ಲ, ಅಂದರು. ಅವರ ಯಜಮಾನರು ಪಕ್ಕದಲ್ಲೇ ನಿಂತು ಪುಳಿಯೋಗರೆ ಬಡಿಸಿಕೊಳ್ಳುತ್ತಿದ್ದರು.

ನಮ್ಮ ಸಂಜೆ ಅವಳಿಗೆ ಮಾರನೆಯ ಬೆಳಗ್ಗೆ. ಸ್ಕೂಲಿಗೆ ನಡೆದು ಹೋಗುವಾಗ ಫೋನ್ ಮಾಡುತ್ತಾಳೆ. ಚಳಿಗಾಲ ಶುರುವಾದ ಮೇಲೆ ಅವಳ ಮಾತಿಗಿಂತ ಮೊದಲು ಬೂಟಿನ ಕೆಳಗೆ ಹಿಮ ಕರಕರ ಅನ್ನುವುದು ಕೇಳಿಸುತ್ತಿತ್ತು. ನಾನು ಒಗ್ಗರಣೆ ಹಾಕುತ್ತಾ ಅವಳ ದಿನ ಹೇಗೆ ಶುರುವಾಗುತ್ತದೆ ಎಂದು ತಿಳಿದುಕೊಳ್ಳುತ್ತಿದ್ದೆ. ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ, ಒಳಗೆ ಹಾಕಿಕೊಳ್ಳುವ ಬೇರೆ ಶೂ ಹಾಕಬೇಕು. ಕಾರಿಡಾರಿನಲ್ಲಿ ಹೀಟರ್ ಇಲ್ಲ, ಉಸಿರು ಕಾಣುತ್ತದೆ. ಟೀಚರ್‌ಗಳ ಕೋಣೆಯ ಮಧ್ಯೆ ಸೀಮೆಎಣ್ಣೆ ಒಲೆ, ಅದರ ಮೇಲೆ ಸದಾ ಒಂದು ಕೆಟಲ್. ಆ ಒಲೆಯನ್ನು ಎಲ್ಲರಿಗಿಂತ ಮೊದಲು ಬಂದು ಹಚ್ಚುವವರು ವೈಸ್ ಪ್ರಿನ್ಸಿಪಾಲರು, ಅವರು ನಕ್ಕಿದ್ದನ್ನು ಅವಳು ನೋಡಿಲ್ಲ. ಸೀಮೆಎಣ್ಣೆ ಮಾರುವ ಲಾರಿ ಸಂಜೆ ಹಾಡು ಹಾಕಿಕೊಂಡು ಬೀದಿ ಬೀದಿ ತಿರುಗುತ್ತದೆ. ಅಮೆರಿಕದಲ್ಲಿ ಬೆಳೆದ ಹುಡುಗಿಗೆ ಸೀಮೆಎಣ್ಣೆ ವಾಸನೆ ಗೊತ್ತಾಗುವುದಕ್ಕೆ ಜಪಾನಿಗೆ ಹೋಗಬೇಕಾಯಿತು. ನಾನು ರೇಷನ್ ಅಂಗಡಿಯ ಕ್ಯೂನಲ್ಲಿ ಡಬ್ಬ ಇಟ್ಟು ನಿಂತದ್ದನ್ನು ಹೇಳಿದರೆ ಈಗ ಅವಳಿಗೆ ಅರ್ಥವಾಗುತ್ತದೆ. ಅಷ್ಟು ಲಾಭ.

ಊಟದ್ದು ನನಗೆ ಚಿಂತೆಯಿತ್ತು. ಅಲ್ಲಿ ಮಕ್ಕಳೂ ಟೀಚರ್‌ಗಳೂ ಕ್ಲಾಸಿನಲ್ಲೇ ಕೂತು ಒಂದೇ ಊಟ ಮಾಡಬೇಕು, ಬರೀ ತರಕಾರಿ ಸಾರು ಅಂದರೂ ಅದರ ನೀರಿಗೆ ಮೀನು ಹಾಕಿ ಕುದಿಸಿರುತ್ತಾರೆ. ಅವಳು ಅಲ್ಲಿಗೆ ಹೋದ ಮೊದಲ ವಾರವೇ ಕೇಳಿಕೊಂಡಳು, ಮನೆಯಿಂದ ಡಬ್ಬಿ ತರಲು ಒಪ್ಪಿದರು. ಅವಳ ಚಿತ್ರಾನ್ನವನ್ನು ಮಕ್ಕಳು ದಿನಾ ಬಗ್ಗಿ ನೋಡುತ್ತವಂತೆ. ಊಟವಾದ ಮೇಲೆ ಮಕ್ಕಳೇ ಶಾಲೆ ಗುಡಿಸಿ ಒರೆಸಬೇಕು, ಟೀಚರೂ ಜೊತೆಗೆ. ನಮ್ಮ ಮನೆಯಲ್ಲಿ ಒಂದು ದಿನ ನೆಲ ಒರೆಸಿದವಳಲ್ಲ, ಅಲ್ಲಿ ಮಂಡಿಯೂರಿ ಕಾರಿಡಾರು ಒರೆಸುವ ಫೋಟೋ ಕಳಿಸಿದಳು. ಅದನ್ನು ನಾನು ಯಜಮಾನರಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, ಇದು ಎಡಿಟ್ ಮಾಡಿರೋ ಫೋಟೋ, ಅಂದರು.

ಒಂದು ವಿಷಯ ಮಾತ್ರ ನನ್ನ, ಮಗಳ ನಡುವೆ ಇತ್ಯರ್ಥವಾಗಿರಲಿಲ್ಲ. ಅಲ್ಲಿ ಪ್ರತಿ ಜನವರಿಯಲ್ಲಿ ಕೇಳುತ್ತಾರೆ, ಇನ್ನೊಂದು ವರ್ಷ ಇರುತ್ತೀಯಾ ಎಂದು. ತಿಂಗಳ ಕೊನೆಯೊಳಗೆ ಹೇಳಬೇಕು. ಇವಳು ಹೂಂ ಅಂದರೆ ಸಾಲದು, ಶಾಲೆಯವರೂ ಊರಿನ ಶಿಕ್ಷಣ ಕಚೇರಿಯವರೂ ಹೂಂ ಅನ್ನಬೇಕು. ಅವಳಿಗೆ ಇರಬೇಕು ಅಂತ ಆಸೆ. ನನಗೆ ಅವಳು ಬೇಸಿಗೆಗೆ ವಾಪಸ್ ಬರಬೇಕು ಅಂತ ಆಸೆ. ಹೊಸ ವರ್ಷದ ರಜೆಗೆ ನಾವು ಇಲ್ಲಿಂದ ಡ್ರೈವ್ ಮಾಡಿಕೊಂಡು ಅರೋರಾದ ಬಾಲಾಜಿ ದರ್ಶನಕ್ಕೆ ಹೋಗಿದ್ದೆವು. ನೇಪರ್‌ವಿಲ್‌ನಲ್ಲಿದ್ದಾಗ ಶನಿವಾರ ಶನಿವಾರ ಹೋಗುತ್ತಿದ್ದ ಗುಡಿ ಅದು. ಯಜಮಾನರ ಕೆಲಸ ಕಾರಿನ ಕಂಪನಿಗೆ ಬದಲಾಗಿ ಡೆಟ್ರಾಯಿಟ್ ಹತ್ತಿರದ ನೋವೈಗೆ ಬಂದ ಮೇಲೆ ವರ್ಷಕ್ಕೆ ಒಂದೆರಡು ಸಲ ಆದರೆ ಹೆಚ್ಚು. ಕ್ಯೂನಲ್ಲಿ ನಿಂತು ಅವತ್ತು ಒಂದೇ ಕೇಳಿಕೊಂಡೆ: ಮಗಳು ವಾಪಸ್ ಬರೋ ಹಾಗೆ ಮಾಡಪ್ಪ. ಹೇಗೆ ಅಂತ ಹೇಳಲಿಲ್ಲ. ಅದು ಅವನ ಕೆಲಸ ಎಂದುಕೊಂಡೆ.

ಆ ಭಾನುವಾರ ಅವಳ ಮಾತು ಶುರುವಾದದ್ದು, "ಅಮ್ಮ, ಡೋಂಟ್ ಪ್ಯಾನಿಕ್," ಎಂದು. ಹೀಗೆ ಶುರುವಾದರೆ ಚಾಕು ಕೆಳಗಿಡಬೇಕು ಎಂದು ನನಗೆ ಗೊತ್ತು. ಇಟ್ಟೆ.

ಅವಳಿಗೆ ಅಲ್ಲಿ ಸೋಮವಾರ ಬೆಳಗ್ಗೆ, ಏನೋ ರಜೆ. ಶನಿವಾರ ಇನ್ನೊಬ್ಬ ಟೀಚರ್ ಜೊತೆ ಪಕ್ಕದ ಊರಿಗೆ ಸ್ಕೀ ಮಾಡಲು ಹೋಗಿ ಹಿಂದಿನ ಸಂಜೆ ವಾಪಸ್ ಬಂದಿದ್ದಳು. ಹೋಗುವಾಗ ತುಂಬ ಚಳಿಯಾಗುತ್ತದೆ ಅಂತ ಸುದ್ದಿಯಿತ್ತು. ಅವಳಿಗೆ ಗೊತ್ತಿದ್ದದ್ದು ನಮ್ಮನೆಯ ಪದ್ಧತಿ. ನೇಪರ್‌ವಿಲ್‌ನಲ್ಲಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗುತ್ತೆ ಅಂದ ಸಂಜೆ ನಾನು ಅಡುಗೆಮನೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಿದ್ದೆ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ, ಪೈಪು ಒಡೆಯುವುದಿಲ್ಲ. ಇಲ್ಲಿ ಎಲ್ಲರೂ ಮಾಡುವುದೇ ಅದು. ಅವಳು ನೋಡಿ ಬೆಳೆದಿದ್ದಾಳೆ. ನಲ್ಲಿಯನ್ನು ಸಣ್ಣಗೆ ಬಿಟ್ಟು, ಒಲೆ ಆರಿಸಿ, ಬೀಗ ಹಾಕಿ ಹೋದಳು.

ನಮ್ಮ ಮನೆಗಳಲ್ಲಿ ಯಾರೂ ಇಲ್ಲದಾಗಲೂ ಹೀಟರ್ ಓಡುತ್ತಲೇ ಇರುತ್ತದೆ. ಅಲ್ಲಿ ಮನುಷ್ಯ ಕೂತ ಕೋಣೆ ಮಾತ್ರ ಬೆಚ್ಚಗೆ, ಬಾಗಿಲು ಹಾಕಿ ಹೊರಟರೆ ಮನೆಯೂ ಬೀದಿಯೂ ಒಂದೇ. ನಲ್ಲಿ ಹೆಪ್ಪುಗಟ್ಟಲಿಲ್ಲ. ಸಿಂಕಿನ ಕೆಳಗೆ ನೀರು ಹೊರಹೋಗುವ ಪೈಪು ಹೆಪ್ಪುಗಟ್ಟಿತು. ತೊಟ್ಟಿಕ್ಕಿದ ನೀರಿಗೆ ಹೋಗಲು ದಾರಿಯಿಲ್ಲದೆ ಸಿಂಕು ತುಂಬಿ, ನೆಲಕ್ಕೆ ಬಂದು, ಕೆಳಗಿನ ಮನೆಯ ಸೂರಿಗಿಳಿಯಿತು. ಅಲ್ಲಿ ಮಾಡುವ ಕ್ರಮವೇ ಬೇರೆಯಂತೆ. ಗೋಡೆಯಲ್ಲಿ ಒಂದು ಹಿಡಿಕೆ ಇರುತ್ತದೆ, ಅದನ್ನು ತಿರುಗಿಸಿ ಪೈಪಿನಲ್ಲಿರುವ ನೀರನ್ನೆಲ್ಲ ಖಾಲಿ ಮಾಡಿ ಮಲಗಬೇಕು. ಮನೆ ತೋರಿಸಿದವರು ಆಗಸ್ಟಿನಲ್ಲೇ ಆ ಹಿಡಿಕೆ ತೋರಿಸಿದ್ದರು. ಬೆವರು ಸುರಿಯುವಾಗ ಹೇಳಿದ ಚಳಿಯ ಮಾತು, ಯಾರಿಗೆ ನೆನಪಿರುತ್ತದೆ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ, ಒಂಟಿ. ನೆಲಕ್ಕೆ ಹುಲ್ಲಿನ ದಪ್ಪ ಚಾಪೆ ಕೂರಿಸಿದ ಕೋಣೆ. ಆ ಚಾಪೆ ನೆನೆದು ಹೋಗಿತ್ತು, ಗೋಡೆಯೊಳಗಿನ ಬೀರುವಿನಲ್ಲಿ ಮಡಿಸಿಟ್ಟ ಹಾಸಿಗೆಗಳಲ್ಲಿ ಅರ್ಧ ನೆನೆದಿದ್ದವು. ಮನೆಯ ಏಜೆಂಟ್ ಬಂದು ನೋಡಿ ಹೋಗಿದ್ದ. ಮನೆ ಕೊಡಿಸಿದ್ದು ಶಿಕ್ಷಣ ಕಚೇರಿಯಾದ್ದರಿಂದ ಅವರಿಗೂ ಫೋನ್ ಹೋಗಿತ್ತು.

"ನನ್ನನ್ನ ಇಟ್ಕೊಳಲ್ಲ ಅಮ್ಮ," ಅಂದಳು. ಇಷ್ಟು ಹೊತ್ತೂ ಇಂಗ್ಲಿಷಿನಲ್ಲಿ ಹೇಳಿದವಳು ಇದೊಂದನ್ನು ಕನ್ನಡದಲ್ಲಿ ಹೇಳಿದಳು.

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು, ಹಾಗಾದರೆ ಬರುತ್ತಾಳೆ, ಎಂಬುದು. ಬಂದದ್ದು ಬಂತು. ಬಾಯಲ್ಲಿ, ಕೆಳಗಿನವರಿಗೆ ಏನು ಹೇಳಿದೆ, ಅಂದೆ. ಬಾಗಿಲು ತಟ್ಟಿ ಎಲ್ಲ ವಿವರಿಸಿದ್ದಾಳೆ. ನಮ್ಮ ಊರಲ್ಲಿ ಹೀಗೆ ಮಾಡುತ್ತೇವೆ, ಅದಕ್ಕೇ ನಲ್ಲಿ ಬಿಟ್ಟಿದ್ದೆ, ಖರ್ಚೆಲ್ಲ ಕೊಡುತ್ತೇನೆ, ಎಂದು ಬರುವಷ್ಟು ಜಪಾನಿಯಲ್ಲಿ ನಿಂತು ಹೇಳಿದ್ದಾಳೆ. ಅಜ್ಜಿ ತಲೆ ಆಡಿಸಿ ಬಾಗಿಲು ಹಾಕಿಕೊಂಡರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಯಜಮಾನರಿಗೂ ಕಾಣಲಿಲ್ಲ. ಇನ್ಶೂರೆನ್ಸ್ ಇರುತ್ತೆ ಬಿಡು, ಅಂದರು. ಆಮೇಲೆ, ಅವಳು ನಮ್ಮನೆಯಲ್ಲಿ ಕಲಿತಿದ್ದು ಒಂದೇ ಕೆಲಸ, ಅದನ್ನೂ ಮಾಡಬಾರದ ಜಾಗದಲ್ಲಿ ಮಾಡಿದಳು, ಎಂದು ಬೆಲ್ಲ ಬಾಯಿಗೆ ಹಾಕಿಕೊಂಡರು.

ನೋವೈನಲ್ಲಿ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಜಪಾನಿನವರ ಮನೆಗಳು ಸುಮಾರಿವೆ. ಕಾರಿನ ಬಿಡಿಭಾಗದ ಕಂಪನಿಗಳಿಗೆ ಕೆಲವು ವರ್ಷದ ಮಟ್ಟಿಗೆ ಬಂದವರು. ನಮ್ಮ ಪಕ್ಕದ ಮನೆಯವರು ಅಂಥವರೇ. ಬಂದ ಮೂರನೇ ದಿನ ಆ ಹೆಂಗಸು ನಮ್ಮ ಬಾಗಿಲಿಗೆ ಬಂದು, ಕಾಗದದಲ್ಲಿ ಸುತ್ತಿದ ಒಂದು ಕೈವಸ್ತ್ರ ಕೊಟ್ಟು ಬಗ್ಗಿ ಹೋದರು. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಇದ್ದವರು ಕೊಡುತ್ತೇವೆ, ಅವರಲ್ಲಿ ಬಂದವರೇ ಕೊಡಬೇಕಂತೆ. ನವರಾತ್ರಿಗೆ ಕರೆದು ಅರಿಶಿನ ಕುಂಕುಮ, ಬಾಳೆಹಣ್ಣು, ಒಂದು ರವಿಕೆ ಬಟ್ಟೆ ಕೊಟ್ಟೆ. ಮುಂದಿನ ತಿಂಗಳು ಅವರು ಆ ರವಿಕೆ ಬಟ್ಟೆಯಲ್ಲೇ ಪರ್ಸಿಮನ್ ಹಣ್ಣು ಗಂಟು ಕಟ್ಟಿ ತಂದರು, ಗಂಟು ಬಿಚ್ಚಿ ಹಣ್ಣು ಕೊಟ್ಟು ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಅಳತೆಯವು. ಆದ್ದರಿಂದ ನಮ್ಮ ನಡುವೆ ತೊಂದರೆ ಬಂದಿಲ್ಲ.

ನಾನು ಫೋನು ಹಿಡಿದುಕೊಂಡೇ, ಸೀರೆಯ ಮೇಲೆ ಯಜಮಾನರ ಜಾಕೆಟ್ ಹಾಕಿಕೊಂಡು ಅವರ ಮನೆಗೆ ಹೋದೆ. ಅವರು ಅಕ್ಕಿ ತೊಳೆಯುತ್ತಿದ್ದರು. ವಿಷಯ ಹೇಳಿ ಫೋನನ್ನು ಸ್ಪೀಕರಿಗೆ ಹಾಕಿದೆ. ಅವರು ತಮ್ಮ ಭಾಷೆಯಲ್ಲಿ ನಿಧಾನವಾಗಿ ಏನೇನೋ ಕೇಳಿದರು, ಮಗಳು ತಡವರಿಸಿ ಹೇಳಿದಳು. ಆಮೇಲೆ ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಕಾರಣ ಹೇಳಿದ್ದಾಳೆ," ಅಂದರು.

"ಕಾರಣ ಹೇಳಿದ್ದು ತಪ್ಪಾ?"

"ಯಾರೂ ಕೇಳಿರಲಿಲ್ಲ."

ಇದು ನನಗೆ ಹೊಸದು. ನಮ್ಮ ಕಡೆ ಕಾರಣ ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ. ನಮ್ಮ ಅತ್ತೆಯವರು ಹಾಲು ಉಕ್ಕಿದರೂ ಹೇಗೆ ಉಕ್ಕಿತು ಎಂದು ಮೊದಲಿನಿಂದ ಕೇಳಿ ತಿಳಿದುಕೊಂಡೇ ಬಯ್ಯುತ್ತಿದ್ದರು. ಹಾಗಾಗಿ ನಮಗೆಲ್ಲ ತಪ್ಪಾದ ಕೂಡಲೆ ಬಾಯಿ ತೆರೆಯುವ ಅಭ್ಯಾಸ. ಪಕ್ಕದ ಮನೆಯವರು ಹೇಳಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗೆ: ನೀನು ಕಾರಣ ಹೇಳಿದರೆ ಕೇಳಿಸಿಕೊಂಡವರ ಮೇಲೆ ಕ್ಷಮಿಸುವ ಭಾರ ಹಾಕಿದಂತೆ. ಅವರ ಹಾಸಿಗೆ ಒದ್ದೆಯಾಗಿರುವಾಗ ನಿನ್ನ ಊರಿನ ಪದ್ಧತಿ ಅವರಿಗೇಕೆ. ಮೊದಲು ತಲೆ ಬಗ್ಗಿಸು, ಬಾಯಿ ಆಮೇಲೆ. ಇವತ್ತೇ ಮತ್ತೆ ಹೋಗಬೇಕು. ನಾಳೆ ಶಾಲೆಯವರ ಜೊತೆ ಇನ್ನೊಂದು ಸಲ.

ಎಷ್ಟು ಬಗ್ಗಬೇಕು ಎಂದು ಮಗಳು ಕೇಳಿದಳು. ಅವರು ಫೋನನ್ನು ರೈಸ್ ಕುಕ್ಕರಿಗೆ ಒರಗಿಸಿ, ವಿಡಿಯೋ ಹಾಕಿಸಿ, ಅಡುಗೆಮನೆಯಲ್ಲಿ ನಿಂತು ಬಗ್ಗಿ ತೋರಿಸಿದರು. ಅಲ್ಲಿ ಒದ್ದೆ ನೆಲದ ಮೇಲೆ ಮಗಳು ಬಗ್ಗಿದಳು. ಇನ್ನೂ, ಅಂದರು. ಮಗಳು ಇನ್ನೂ ಬಗ್ಗಿದಳು. ಬೇಗ ಎದ್ದೆ, ಅಂದರು. ನಾನು ಸುಮ್ಮನೆ ನಿಂತಿರುವುದು ಚೆನ್ನಾಗಿ ಕಾಣುವುದಿಲ್ಲ ಎಂದು ನಾನೂ ಬಗ್ಗಿದೆ. ಅವರು ನನ್ನನ್ನು ನೋಡಿ, "ಅಮ್ಮ ಸರಿ ಮಾಡುತ್ತಾಳೆ, ಹಾಗೆ ಮಾಡು," ಎಂದು ಫೋನಿಗೆ ಹೇಳಿದರು. ದಿನಾ ದೇವರ ಮುಂದೆ ಬಗ್ಗುವ ಬೆನ್ನು, ಅದಕ್ಕೇನು ಕಷ್ಟ.

ಬರಿಗೈಯಲ್ಲಿ ಹೋಗಬಾರದಂತೆ. ನನಗೆ ಕೂಡಲೆ ಹೊಳೆಯಿತು. ಡಿಸೆಂಬರಿನಲ್ಲಿ ಕಳಿಸಿದ ಪಾರ್ಸೆಲ್ಲಿನಲ್ಲಿ ಸಂಕ್ರಾಂತಿಗೆ ಅಂತ ಎಳ್ಳು ಬೆಲ್ಲ ಮೊದಲೇ ಮಾಡಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹಾಕಿದ್ದೆ, ಅದನ್ನೇ ತೆಗೆದುಕೊಂಡು ಹೋಗಲಿ. ಪಕ್ಕದ ಮನೆಯವರು ತಲೆ ಅಲ್ಲಾಡಿಸಿದರು. ಕೈಯಲ್ಲಿ ಮಾಡಿದ್ದು ಬೇಡ. ಅಂಗಡಿಯ ಸಿಹಿತಿಂಡಿ ಬೇಕು, ಡಬ್ಬದಲ್ಲಿ, ಅಂಗಡಿಯ ಕಾಗದ ಸುತ್ತಿದ್ದು. ಕೈಗೆ ಭಾರ ಇರಬೇಕು. ಮನೆಯಲ್ಲಿ ಮಾಡಿದ್ದು ಸ್ನೇಹ ಇದ್ದವರಿಗೆ, ಅವರಿನ್ನೂ ನಿನಗೆ ಸ್ನೇಹವಲ್ಲ. ನಮ್ಮಲ್ಲಿ ಇದು ಪೂರ್ತಿ ತಿರುಗಾಮುರುಗಾ, ಅಂಗಡಿಯಿಂದ ತಂದರೆ ಕಾಟಾಚಾರಕ್ಕೆ ತಂದರು ಅನ್ನುತ್ತೇವೆ. ಆದರೂ ನಾನು ಮಾತಾಡಲಿಲ್ಲ. ಒಂದು ಊರಿನ ಪದ್ಧತಿಯನ್ನು ಇನ್ನೊಂದು ಊರಿನಲ್ಲಿ ನಡೆಸಿದ್ದರ ಫಲ ಆಗಲೇ ಕೆಳಗಿನ ಮನೆಗೆ ಇಳಿದಿತ್ತು.

ಮಗಳು ಬಸ್ಸಿನಲ್ಲಿ ಪೇಟೆಗೆ ಹೋಗಿ ಡಬ್ಬ ತಂದು, ಮತ್ತೆ ಬಾಗಿಲು ತಟ್ಟಿದಳು. ಕಾರಣ ಹೇಳಲಿಲ್ಲ. ಅಜ್ಜಿ ಡಬ್ಬವನ್ನು ಒಂದು ಸಲ ಬೇಡ ಎಂದು, ಆಮೇಲೆ ತೆಗೆದುಕೊಂಡರು. ಅಷ್ಟೇ.

ದೀಪ ಹಚ್ಚುವಾಗ ಅವತ್ತು ಆಗಬಹುದಾಗಿದ್ದು ತಪ್ಪಿದ ಕೆಡುಕನ್ನೆಲ್ಲ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಆಗಿದ್ದನ್ನು ಹೇಳಿಕೊಳ್ಳಲು ಜನ ಇರುತ್ತಾರೆ, ತಪ್ಪಿದ್ದನ್ನು ದೇವರಿಗೇ ಹೇಳಬೇಕು. ಸೋಮವಾರ ಸಂಜೆ ಹೇಳಿದೆ. ಅಜ್ಜಿ ಮಲಗುವ ಜಾಗ ಆ ಕಡೆ ಇರಲಿಲ್ಲ. ಬೀರುವಿನ ಹಾಸಿಗೆಗಳಲ್ಲಿ ಅರ್ಧ ನೆನೆಯಲಿಲ್ಲ. ಕರೆಂಟಿನ ತಂತಿಗೆ ನೀರು ತಾಕಲಿಲ್ಲ. ಹೆಪ್ಪುಗಟ್ಟಿದ ನೆಲದ ಮೇಲೆ ಮಗಳು ಜಾರಲಿಲ್ಲ. ಆಮೇಲೆ ಅರೋರಾದಲ್ಲಿ ಕೇಳಿದ್ದು ನೆನಪಾಯಿತು. ಅದನ್ನು ಇಲ್ಲಿ, ನಮ್ಮ ಕಪಾಟಿನ ದೇವರ ಮುಂದೆಯೇ ತಿದ್ದಿದೆ. ಅವಳು ಬಂದರೆ ಬರಲಿ, ಅಲ್ಲಿಯವರು ಬೇಡ ಅಂದರು ಅಂತ ಬರುವುದು ಬೇಡ. ಅವಳಿಗೆ ಆ ಊರು ಬೇಕಾಗಿದೆ, ಆ ಊರಿಗೂ ಅವಳು ಬೇಕಾಗುವ ಹಾಗೆ ಮಾಡು. ಇಷ್ಟು ಹೇಳಿ ಮಂಗಳಾರತಿ ಮಾಡಿದೆ. ದೂರ ಅಂತ ಅರೋರಾಗೆ ಮತ್ತೆ ಹೋಗಲಿಲ್ಲ. ಅಲ್ಲಿಯವನೂ ಇಲ್ಲಿಯವನೂ ಒಬ್ಬನೇ.

ಆರತಿ ತಟ್ಟೆ ಕೆಳಗಿಡುವಷ್ಟರಲ್ಲಿ ಮಗಳ ಫೋನು. ಅಲ್ಲಿ ಮಂಗಳವಾರ ಬೆಳಗ್ಗೆ, ಶಾಲೆ ಶುರುವಾಗುವ ಮೊದಲೇ ವೈಸ್ ಪ್ರಿನ್ಸಿಪಾಲರು ಕಪ್ಪು ಸೂಟು ಹಾಕಿಕೊಂಡು ಅವಳ ಮನೆಗೆ ಬಂದಿದ್ದರಂತೆ. ಇಬ್ಬರೂ ಕೆಳಗಿಳಿದು ಅಜ್ಜಿಯ ಬಾಗಿಲಲ್ಲಿ ನಿಂತರು. ಮಗಳು ಕಲಿತಷ್ಟು ಬಗ್ಗಿದಳು. ಓರೆಗಣ್ಣಿನಲ್ಲಿ ನೋಡಿದರೆ ಅವರು ಅವಳಿಗಿಂತ ಕೆಳಗೆ ಬಗ್ಗಿದ್ದರು, ಅವಳಿಗಿಂತ ತಡವಾಗಿ ಎದ್ದರು.

"ಅವರು ಏನೂ ಮಾಡಿಲ್ಲ ಅಮ್ಮ," ಅಂದಳು. "ಅವರದ್ದೇನೂ ತಪ್ಪಿಲ್ಲ. ನನಗೋಸ್ಕರ ಬಗ್ಗಿದ್ರು."

ದಾರಿಯಲ್ಲಿ ಅವರು ಏನಾದರೂ ಅಂದರಾ ಎಂದು ಕೇಳಿದೆ. ಶಾಲೆಗೆ ಬಂದು, ಬೂಟು ಬಿಚ್ಚಿ, ಒಲೆ ಹಚ್ಚಿದರಂತೆ. ಇನ್ನೊಂದು ವರ್ಷದ ಮಾತನ್ನು ಅವರೂ ಎತ್ತಲಿಲ್ಲ, ಅವಳಿಗೂ ಕೇಳಲು ಧೈರ್ಯ ಬರಲಿಲ್ಲ. ಸುತ್ತಲ ಊರುಗಳ ವಿದೇಶಿ ಟೀಚರ್‌ಗಳನ್ನೆಲ್ಲ ಆಗಲೇ ಕೇಳಿಯಾಗಿತ್ತು. ಅವಳನ್ನು ಕೇಳಿರಲಿಲ್ಲ.

ಸಂಕ್ರಾಂತಿ ದಿನ ಎಳ್ಳು ಬೀರಿದೆ. ನಮ್ಮ ಸಬ್‌ಡಿವಿಷನ್ನಿನ ಕನ್ನಡದವರ ಮನೆಗಳು, ಒಂದು ತೆಲುಗಿನವರ ಮನೆ, ಆಮೇಲೆ ಪಕ್ಕದ ಮನೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು, ಎಂಬುದರ ಅರ್ಥವನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಂದು ಚೂರು ಕೊಬ್ಬರಿ, ಎರಡು ಕಾಳು ಎಳ್ಳು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು. ಇದನ್ನು ಯಾರು ಇಷ್ಟು ಸಣ್ಣಗೆ ಹೆಚ್ಚಿದ್ದು ಎಂದು ಕೇಳಿದರು. ನಾನೇ, ಅಂದೆ. ಎಷ್ಟು ದಿನ, ಅಂದರು. ಹೇಳಿದೆ. ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಇದನ್ನು ಇನ್ನು ಆ ಅಜ್ಜಿಗೆ ಕೊಡಬಹುದು," ಅಂದರು. "ಈ ವಾರ ಅಲ್ಲ. ಚಾಪೆ ಹೊಸದು ಹಾಕಿದ ಮೇಲೆ."

ಅವರು ಹೇಳಿದಂತೆಯೇ ಮಗಳು ಕಾದಳು. ಚಾಪೆ ಹಾಕಿದ ಮಾರನೆಯ ದಿನ, ರಜೆಯ ಬೆಳಗ್ಗೆ, ಒಂದು ಪೊಟ್ಟಣ ಹಿಡಿದು ಕೆಳಗಿಳಿದಳು. ಅಜ್ಜಿ ಒಳಗೆ ಕರೆದರು. ಕೆಳಗೆ ಹೀಟರ್, ಮೇಲೆ ರಜಾಯಿ ಹೊದಿಸಿದ ಕುಳ್ಳ ಮೇಜಿನೊಳಗೆ ಕಾಲು ಚಾಚಿ ಇಬ್ಬರೂ ಕೂತರು. ಮಗಳು ಜಪಾನಿಯಲ್ಲಿ, ಇದನ್ನು ತಿಂದು ಒಳ್ಳೆ ಮಾತು ಆಡಬೇಕು, ನಮ್ಮ ಊರಿನ ಪದ್ಧತಿ, ಎಂದಳಂತೆ. ಹೇಳಿದ ಮೇಲೆ, ಮತ್ತೆ ಊರಿನ ಪದ್ಧತಿ ತೆಗೆದೆನಲ್ಲ ಎಂದು ಹೆದರಿದಳು. ಅಜ್ಜಿ ಕಾಳು ಕಾಳಾಗಿ ತಿಂದರು. ಪೊಟ್ಟಣದಲ್ಲಿದ್ದ ಸಕ್ಕರೆ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ತಿನ್ನದೆ ಕಿಟಕಿಯ ಮೇಲಿಟ್ಟರು. ಆಮೇಲೆ ಎದ್ದು, ನಡೆ, ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಇವಳ ಮನೆಗೆ ಬಂದು, ಗೋಡೆಯ ಹಿಡಿಕೆಯನ್ನು ಯಾವ ಕಡೆ ತಿರುಗಿಸಬೇಕು, ತಿರುಗಿಸಿದ ಮೇಲೆ ಎಲ್ಲ ನಲ್ಲಿಗಳನ್ನೂ ತೆರೆದು ಗಾಳಿ ಬಿಡಬೇಕು, ಬೆಳಗ್ಗೆ ಯಾವುದನ್ನು ಮೊದಲು ಮುಚ್ಚಬೇಕು, ಎಲ್ಲ ಮಾಡಿ ತೋರಿಸಿ, ಇವಳ ಕೈಯಲ್ಲಿ ಮಾಡಿಸಿ, ತಪ್ಪಿದ್ದಕ್ಕೆ ಬೈದು ಇಳಿದು ಹೋದರು.

ಅಲ್ಲಿಂದ ಮುಂದೆ ದಿನಾ ಊಟದ ಹೊತ್ತಿಗೆ, ಟಿವಿಯಲ್ಲಿ ಹವಾಮಾನ ಹೇಳಿದ ಕೂಡಲೆ, ಚಳಿ ಜಾಸ್ತಿ ಅಂತಿದ್ದರೆ ಅಜ್ಜಿ ಪೊರಕೆಯ ಹಿಡಿಯಿಂದ ತಮ್ಮ ಸೂರಿಗೆ ಮೂರು ಸಲ ಬಡಿಯುತ್ತಾರಂತೆ. ನೀರು ಇಳಿಸು ಎಂದು ಅರ್ಥ. ಇವಳು ಹಿಡಿಕೆ ತಿರುಗಿಸಿ, ಹಿಮ್ಮಡಿಯಿಂದ ನೆಲಕ್ಕೆ ಒಂದು ಸಲ ಗುದ್ದಬೇಕು. ಗುದ್ದುವ ತನಕ ಬಡಿಯುತ್ತಲೇ ಇರುತ್ತಾರೆ. ಯಜಮಾನರಿಗೆ ಇದನ್ನು ಹೇಳಿದಾಗ ಅವರು, ನಮ್ಮಮ್ಮ ಹೋದ ಮೇಲೆ ಆ ಪೊರಕೆ ಎಲ್ಲಿ ಹೋಯಿತು ಅಂತಿದ್ದೆ, ಅಂದರು.

ತಿಂಗಳು ಮುಗಿಯುತ್ತಾ ಬಂತು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಕ್ಲಾಸಿನ ಮಕ್ಕಳು ಹಿಮದಲ್ಲೂ ಮೊಣಕಾಲ ತನಕದ ಚಡ್ಡಿ ಹಾಕಿ ಓಡುವುದನ್ನು, ಬೆಳಗ್ಗೆ ಬೀದಿಯವರೆಲ್ಲ ಒಟ್ಟಿಗೆ ಬಂದು ಹಿಮ ಎಳೆಯುವುದನ್ನು, ಬಟ್ಟೆ ಒಣಗಲು ಎರಡು ದಿನ ಬೇಕಾಗುವುದನ್ನು ಹೇಳುತ್ತಿದ್ದಳು. ನಾನು ಇಲ್ಲಿಯ ಹಿಮದ ವಿಷಯ ಹೇಳುತ್ತಿದ್ದೆ. ಮಾತಿನ ನಡುವೆ ಬೂಟಿನ ಸದ್ದೇ ಜಾಸ್ತಿ.

ಕೊನೆಯ ವಾರದ ಒಂದು ಸಂಜೆ ನಾನು ದೋಸೆಗೆ ರುಬ್ಬುತ್ತಿದ್ದೆ. ಫೋನು ಹೊಡೆದುಕೊಂಡಿತು, ಗ್ರೈಂಡರ್ ನಿಲ್ಲಿಸಿದೆ. ಅವಳು ದಾರಿಯಲ್ಲಿ ನಿಂತು ಮಾತಾಡುತ್ತಿದ್ದಳು, ಕರಕರ ಸದ್ದಿರಲಿಲ್ಲ.

ಹಿಂದಿನ ದಿನ ವೈಸ್ ಪ್ರಿನ್ಸಿಪಾಲರು ಅವಳನ್ನು ಕರೆದು ಕೂರಿಸಿದ್ದರು. ಶಿಕ್ಷಣ ಕಚೇರಿಯವರಿಗೆ ಒಂದು ಅನುಮಾನವಿತ್ತಂತೆ. ಇವಳನ್ನು ಇಟ್ಟುಕೊಂಡರೆ ಅದೇ ಮನೆಯಲ್ಲಿ ಇಡಬೇಕು, ಸಣ್ಣ ಊರಿನಲ್ಲಿ ಬೇರೆ ಮನೆ ಇಲ್ಲ, ಕೆಳಗಿನವರು ಒಪ್ಪದಿದ್ದರೆ ಆಗುವುದಿಲ್ಲ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದರು. ಏಜೆಂಟನ್ನು ಕಳಿಸಿ ಅಜ್ಜಿಯನ್ನು ಕೇಳಿಸಿದರು.

"ಅಜ್ಜಿ ಏನಂದ್ರು?" ಅಂದೆ.

"ಇನ್ನೊಬ್ಬಳು ಬಂದ್ರೆ ಮತ್ತೆ ಮೊದಲಿಂದ ಕಲಿಸ್ಬೇಕು, ನನಗೆ ವಯಸ್ಸಾಗಿದೆ, ಇವಳೇ ಇರಲಿ, ಅಂದ್ರಂತೆ."

ವೈಸ್ ಪ್ರಿನ್ಸಿಪಾಲರು ಇದನ್ನು ಹೇಳುವಾಗ ನಕ್ಕರಾ ಎಂದು ಕೇಳಿದೆ. ನಗಲಿಲ್ಲ, ಆದರೆ ಚಹಾ ಕೊಟ್ಟರು, ಅಂದಳು. ಒಂದು ದಿನ ಯೋಚಿಸಿ ಹೇಳು ಅಂದರಂತೆ. ಇವಳು ಅಲ್ಲೇ ಹೂಂ ಅಂದು ಸಹಿ ಹಾಕಿ ಬಂದಿದ್ದಳು.

ನಾನು ಏನನ್ನುತ್ತೇನೆ ಎಂದು ಅವಳು ಕಾಯುತ್ತಿದ್ದಳು.

"ಒಳ್ಳೇದಾಯ್ತು," ಅಂದೆ. "ಆ ಅಜ್ಜಿಗೆ ಇನ್ನೊಂದು ಪೊಟ್ಟಣ ಇದ್ರೆ ಕೊಡು. ಇಲ್ದಿದ್ರೆ ಕಳಿಸ್ತೀನಿ."

"ಇದೆ ಅಮ್ಮ."

"ಡಬ್ಬಿಗೆ ಏನು ತಗೊಂಡಿದೀಯ?"

ಚಿತ್ರಾನ್ನ, ಅಂದಳು. ಆಮೇಲೆ ಬೂಟಿನ ಸದ್ದು ಶುರುವಾಯಿತು.

ಇನ್ನೊಂದು ಬೇಸಿಗೆ, ಇನ್ನೊಂದು ಚಳಿಗಾಲ. ದೀಪ ಹಚ್ಚುವಾಗ ಹೇಳಿಕೊಳ್ಳಲು ಅವತ್ತು ಒಂದೇ ಇತ್ತು, ಅವಳು ಬೇಡವಾಗುವುದು ತಪ್ಪಿತು. ಯಜಮಾನರಿಗೆ ಹೇಳಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿ, ಸರಿ, ಅಂದರು. ಸ್ವಲ್ಪ ಹೊತ್ತಾದ ಮೇಲೆ, ಅಲ್ಲಿಗೆ ಟಿಕೆಟ್ ಯಾವಾಗ ಕಡಿಮೆ ಇರುತ್ತೋ ನೋಡ್ತೀನಿ, ಅಂದರು. ನಾನು ಪಕ್ಕದ ಮನೆಗೆ ಹೋಗಿ ಹೇಳಿ ಬಂದೆ. ಅವರು ಬಾಗಿಲಲ್ಲೇ ಬಗ್ಗಿದರು, ನಾನೂ ಬಗ್ಗಿದೆ, ಇಬ್ಬರೂ ಬೇಗ ಏಳಲಿಲ್ಲ.

ಮನೆಗೆ ಬಂದು ಗ್ರೈಂಡರ್ ಮತ್ತೆ ಹಾಕಿದೆ. ಉದ್ದಿನ ಬೇಳೆ ನುಣ್ಣಗಾದ ಮೇಲೆ ಅಕ್ಕಿ ಹಿಟ್ಟಿಗೆ ಸೇರಿಸಿ, ಉಪ್ಪು ಹಾಕಿ ಕೈಯಿಂದ ಕಲಸಿದೆ. ಈ ಚಳಿಯಲ್ಲಿ ಹಿಟ್ಟು ಹೊರಗಿಟ್ಟರೆ ಹುದುಗುವುದಿಲ್ಲ. ಪಾತ್ರೆಯನ್ನು ಅವನ್ ಒಳಗಿಟ್ಟು, ಅದರ ಲೈಟು ಮಾತ್ರ ಹಾಕಿ ಬಾಗಿಲು ಮುಚ್ಚಿದೆ. ಯಜಮಾನರು ಗೊತ್ತಿಲ್ಲದೆ ಪಿಜ್ಜಾಗೆ ಅಂತ ಅವನ್ ಆನ್ ಮಾಡಿಬಿಡದಂತೆ, ಒಳಗೆ ಹಿಟ್ಟಿದೆ ಎಂದು ಚೀಟಿ ಬರೆದು ಹಿಡಿಕೆಗೆ ಅಂಟಿಸಿದೆ.